ನಾಯಿ ತನ್ನ ಕಕ್ಕ ತಾನೇ ತಿನ್ನೋದನ್ನ ಬಿಡಿಸೋದು ಹೆಂಗೆ: ಯಾವುದು ಮೊದಲು, ಯಾವುದು ಆಮೇಲೆ

ಪುಡಿ ಹಾಕಿದ್ವಿ, ಅನಾನಸ್ ತಿನ್ನಿಸಿದ್ವಿ, ಖಾರದಪುಡಿ ಉದುರಿಸಿದ್ವಿ, ಎರಡೇಟು ಕೊಟ್ಟಿದ್ದೂ ಆಯ್ತು, ಆದ್ರೂ ಬಿಡ್ತಿಲ್ಲ. ನಾಯಿ ಸಾಕಿರೋರು ನನ್ನ ಹತ್ರ ಬಂದು ಹೇಳೋದು ಹೆಚ್ಚುಕಮ್ಮಿ ಇದೇ. ಮೈಸೂರಿನ ಕುವೆಂಪುನಗರದ ಅಪಾರ್ಟ್‌ಮೆಂಟ್‌ನೋರೂ ಇದೇ ಅಂತಾರೆ, ಪಾಂಡವಪುರದ ತೋಟದ ಮನೆಯೋರೂ ಇದೇ ಅಂತಾರೆ. ಕೂತು ವಿಚಾರಿಸಿದ್ರೆ ಎಲ್ರೂ ಎಡವಿರೋದು ಒಂದೇ ಕಡೆ, ಕೊನೇಲಿ ಬೇಕಾದ್ರೆ ಮಾಡಬಹುದಾಗಿದ್ದನ್ನ ಮೊದಲು ಮಾಡಿರ್ತಾರೆ, ಮೊದಲು ಮಾಡಲೇಬೇಕಾಗಿದ್ದನ್ನ ಮಾಡೇ ಇರಲ್ಲ.

ಆ ಮೊದಲು ಮಾಡಬೇಕಾದ್ದು ಏನು ಅಂದ್ರೆ, ಕಾಯಿಲೆ ಏನೂ ಇಲ್ಲ ಅಂತ ಡಾಕ್ಟ್ರ ಹತ್ರ ತೋರಿಸ್ಕೊಂಡು, ಆಮೇಲೆ ಕಕ್ಕ ನಾಯಿ ಬಾಯಿಗೆ ಸಿಗದ ಹಾಗೆ ನೋಡ್ಕೊಳೋದು. ಬಾಯಿಗೆ ಸಿಗದ ಹಾಗೆ ಮಾಡೋದೊಂದು ಸರಿಯಾಗಿ ಆದ್ರೆ ಮುಕ್ಕಾಲು ಕೆಲಸ ಮುಗೀತು. ತಿಂದ ಪ್ರತಿ ಸಲಾನೂ ನಾಯಿಗೆ ಅದು ಹಬ್ಬದೂಟ ಕಣ್ರೀ, ಹತ್ತು ದಿನ ಸಿಗದೇ ಇದ್ದು ಹನ್ನೊಂದನೇ ದಿನ ಸಿಕ್ತು ಅಂದ್ರೆ ಆಸೆ ಇನ್ನೂ ಜಾಸ್ತಿ ಆಗುತ್ತೆ, ನಿಮ್ಮ ಲೆಕ್ಕ ವಾಪಸ್ ಒಂದಕ್ಕೆ ಬರುತ್ತೆ.

ಶುರು ಮಾಡೋಕೆ ಮುಂಚೆ: ಯಾವ ನಾಯಿಗೆ ಇದು ಬೇಡ

ಮರಿ ಹಾಕಿರೋ ತಾಯಿ ನಾಯಿ ತನ್ನ ಮರಿಗಳ ಕಕ್ಕ ನೆಕ್ಕಿ ತಿಂದು ಜಾಗ ಕ್ಲೀನ್ ಮಾಡುತ್ತೆ. ಅದು ಕಾಯಿಲೆ ಅಲ್ಲ, ಮೊದಲ ಮೂರ್ನಾಲ್ಕು ವಾರ ಅದು ಮಾಡಬೇಕಾದ ಕೆಲಸಾನೇ. ಅದನ್ನ ತಡೀಬೇಡಿ.

ಎರಡು ಮೂರು ತಿಂಗಳ ಮರಿಗಳೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ನೋಡ್ತವೆ, ಚಪ್ಪಲಿ, ಮಣ್ಣು, ಅದರ ಜೊತೆಗೆ ಇದೂ ಒಂದು. ಬಹಳಷ್ಟು ಮರಿಗಳು ವರ್ಷ ತುಂಬೋದ್ರೊಳಗೆ ತಾವಾಗೇ ಬಿಡ್ತವೆ. ಹಂಗಂತ ಸುಮ್ನೆ ಕೂರಬೇಡಿ, ಮರಿ ಇದ್ದಾಗ ಕೆಳಗಿನ ಹಂತಗಳು ದೊಡ್ಡ ನಾಯಿಗಿಂತ ಬೇಗ ಹತ್ತುತ್ತವೆ.

ಬೇಕಾಗೋ ಸಾಮಾನು

ನಾಲ್ಕೈದು ಅಡಿ ಚೈನು ಅಥವಾ ಲೀಶ್ ಒಂದು. ಐದು ಮೀಟರ್ ನೈಲಾನ್ ಹಗ್ಗ ಒಂದು, ಹಾರ್ಡ್‌ವೇರ್ ಅಂಗಡೀಲಿ ತಗೊಂಡು ತುದಿಗೆ ಕೊಕ್ಕೆ ಹಾಕಿಸ್ಕೊಂಡ್ರೆ ಸಾಕು. ಸೊಂಟಕ್ಕೆ ಕಟ್ಟೋ ಸಣ್ಣ ಚೀಲ, ಅದ್ರಲ್ಲಿ ತಿಂಡಿ. ಎತ್ತೋಕೆ ಹಳೇ ಪೇಪರು ಇಲ್ಲ ಕವರು, ಬೆನ್ನು ಬಗ್ಗದೋರಿಗೆ ಉದ್ದ ಹಿಡಿಯ ಸ್ಕೂಪರ್ರು. ಒಂದು ನೋಟ್‌ಬುಕ್ಕು.

ತಿಂಡಿ ಅಂದ್ರೆ ಗ್ಲೂಕೋಸ್ ಬಿಸ್ಕತ್ತಲ್ಲ. ಕಕ್ಕಕ್ಕಿಂತ ರುಚಿ ಇರಬೇಕು ಅಲ್ವಾ, ನಾಯಿ ಲೆಕ್ಕದಲ್ಲಿ ಹೇಳ್ತಿರೋದು ನಗಬೇಡಿ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಚಿಕನ್ನು, ಬೆಂದ ಮೊಟ್ಟೆ, ಸಸ್ಯಾಹಾರಿ ಮನೆ ಆದ್ರೆ ಪನೀರು. ಕಡಲೆಕಾಳಿನ ಗಾತ್ರ ಸಾಕು, ಯಾಕಂದ್ರೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕೊಡಬೇಕಾಗುತ್ತೆ.

ಹಂತ 1: ಮೊದಲು ಡಾಕ್ಟ್ರು, ಆಮೇಲೆ ಬೇರೆಲ್ಲ

ಹೊಟ್ಟೆಲಿ ಹುಳ ಇದ್ರೆ, ತಿಂದಿದ್ದು ಸರಿಯಾಗಿ ಜೀರ್ಣ ಆಗ್ದೇ ಇದ್ರೆ ನಾಯಿಗೆ ಎಷ್ಟು ತಿಂದ್ರೂ ಹಸಿವು. ಅಂಥ ನಾಯಿಗೆ ನೀವು ಟ್ರೈನಿಂಗ್ ಕೊಡೋದು ಉಪವಾಸ ಇರೋನಿಗೆ ಬುದ್ಧಿ ಹೇಳಿದ ಹಾಗೆ. ಅದಕ್ಕೇ ಇದು ಮೊದಲು.

ಬೆಳಿಗ್ಗೆ ಹೋದ ಕಕ್ಕನ ಒಂದು ಚಮಚದಷ್ಟು ಕ್ಲೀನ್ ಡಬ್ಬಿಗೆ ಹಾಕಿ ಮುಚ್ಚಿ ಎರಡು ಮೂರು ಗಂಟೆ ಒಳಗೆ ಪಶು ಆಸ್ಪತ್ರೆಗೆ ತಗೊಂಡು ಹೋಗಿ. ಮೈಸೂರಲ್ಲಾಗ್ಲಿ ಮಂಡ್ಯದಲ್ಲಾಗ್ಲಿ ಪ್ರತಿ ತಾಲೂಕಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದ್ದೇ ಇದೆ, ಮುಜುಗರ ಪಡಬೇಡಿ, ಅವ್ರು ದಿನಾ ನೋಡೋದು ಇದನ್ನೇ. ಜಂತುಹುಳ, ಕೊಕ್ಕೆಹುಳ, ಜಿಯಾರ್ಡಿಯಾ ಅನ್ನೋ ಕರುಳಿನ ಸೂಕ್ಷ್ಮ ಪರಾವಲಂಬಿ ಇವು ಮಲ ಪರೀಕ್ಷೇಲಿ ಸಿಗುತ್ತವೆ. ಹುಳುವಿನ ಮಾತ್ರೆ ತೂಕದ ಲೆಕ್ಕದಲ್ಲಿ ಕೊಡೋದು, ಮೆಡಿಕಲ್ ಸ್ಟೋರಲ್ಲಿ ಅಂದಾಜಿಗೆ ತಗೊಂಡು ಹಾಕಬೇಡಿ. ಮರಿಗಳಿಗೆ ಎರಡು ವಾರಕ್ಕೊಂದು ಸಲದಿಂದ ಶುರುವಾಗಿ ಆಮೇಲೆ ತಿಂಗಳಿಗೊಂದು ಸಲ, ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಂದು ಸಲ.

ಈ ಕೆಳಗಿಂದು ಯಾವುದಾದ್ರೂ ಕಂಡ್ರೆ ಮುಂದಿನ ಹಂತ ಓದೋದು ಬಿಟ್ಟು ಅವತ್ತೇ ಡಾಕ್ಟ್ರನ್ನ ನೋಡಿ. ಚೆನ್ನಾಗಿ ತಿಂದ್ರೂ ಸೊರಗ್ತಿದೆ. ಕಕ್ಕ ಬೂದು ಇಲ್ಲ ಹಳದಿ ಬಣ್ಣಕ್ಕೆ, ಜಿಡ್ಡು ಜಿಡ್ಡಾಗಿ, ರಾಶಿ ರಾಶಿ ಬರ್ತಿದೆ. ರಕ್ತ ಇದೆ, ಲೋಳೆ ಇದೆ. ಒಸಡು ಬಿಳಚಿಕೊಂಡಿದೆ. ಇದ್ದಕ್ಕಿದ್ದ ಹಾಗೆ ನೀರು ಜಾಸ್ತಿ ಕುಡೀತಿದೆ, ಉಚ್ಚೆ ಜಾಸ್ತಿ ಹೊಯ್ತಿದೆ. ಕಲ್ಲು, ಮಣ್ಣು, ಬಟ್ಟೆ ಕೂಡ ನುಂಗ್ತಿದೆ. ಮತ್ತೆ ಮುಖ್ಯವಾಗಿ, ಐದಾರು ವರ್ಷ ಇಂಥ ಅಭ್ಯಾಸ ಇಲ್ಲದ ನಾಯಿ ಏಕಾಏಕಿ ಶುರು ಮಾಡಿದೆ.

ಜರ್ಮನ್ ಶೆಫರ್ಡ್ ಸಾಕಿರೋರು ಆ ಜಿಡ್ಡು ಕಕ್ಕದ ಮಾತನ್ನ ಇನ್ನೊಂದ್ಸಲ ಓದ್ಕೊಳಿ. ಮೇದೋಜೀರಕ ಗ್ರಂಥಿ ಸಾಕಷ್ಟು ಜೀರ್ಣರಸ ಮಾಡದೇ ಇರೋ ಕಾಯಿಲೆ ಈ ಜಾತೀಲಿ ಹೆಚ್ಚು, ತಿಂದಿದ್ದು ಅರ್ಧಂಬರ್ಧ ಹಂಗೇ ಹೊರಗೆ ಬರುತ್ತೆ, ನಾಯಿ ಮೂಗಿಗೆ ಅದು ಊಟದ ವಾಸನೇನೇ. ರಕ್ತ ಪರೀಕ್ಷೇಲಿ ಗೊತ್ತಾಗುತ್ತೆ, ಊಟದ ಜೊತೆ ಎನ್‌ಜೈಮ್ ಪುಡಿ ಕೊಟ್ಟು ನಿಭಾಯಿಸಬಹುದು. ಇನ್ನೊಂದು, ಚರ್ಮದ ಕಡಿತಕ್ಕೆ ಸ್ಟೀರಾಯ್ಡ್ ಮಾತ್ರೆ ನಡೀತಿದ್ರೆ, ಇಲ್ಲ ಫಿಟ್ಸ್‌ಗೆ ಮಾತ್ರೆ ನಡೀತಿದ್ರೆ ಅದರಿಂದಾನೂ ಹಸಿವು ವಿಪರೀತ ಆಗುತ್ತೆ. ಡಾಕ್ಟ್ರಿಗೆ ಹೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ.

ಹಂತ 2: ಒಂದು ವಾರ ಬರೀರಿ

ಈ ವಾರ ಏನೂ ಬದಲಾಯಿಸಬೇಡಿ. ಊಟ ಎಷ್ಟೊತ್ತಿಗೆ, ಕಕ್ಕ ಎಷ್ಟೊತ್ತಿಗೆ, ಎಲ್ಲಿ, ತಿಂತಾ ಇಲ್ವಾ, ಆಗ ಮನೇಲಿ ಯಾರಿದ್ರು, ಇಷ್ಟೇ ಬರೀರಿ. ಎರಡು ನಾಯಿ ಇದ್ರೆ ಯಾರ ಕಕ್ಕ ಯಾರು ತಿಂತಿದಾರೆ ಅಂತಾನೂ ಬರೀರಿ. ಎಷ್ಟೋ ಮನೇಲಿ ತಿನ್ನೋದು ಒಬ್ಬ, ಏಟು ತಿನ್ನೋದು ಇನ್ನೊಬ್ಬ.

ನಮ್ಮನೆ ಕೆಂಚ ಬೀದಿ ಮರಿ, ವಿಜಯನಗರ ನಾಲ್ಕನೇ ಹಂತದ ಒಂದು ಖಾಲಿ ಸೈಟಲ್ಲಿ ಸಿಕ್ಕಿದ್ದು. ನಾವು ಅವನು ಇಡೀ ದಿನ ತಿಂತಾನೆ ಅನ್ಕೊಂಡಿದ್ವಿ. ಬರೆದು ನೋಡಿದ್ರೆ ತಿಂತಿದ್ದದ್ದು ಬರೀ ಬೆಳಗಿನ ಜಾವ. ರಾತ್ರಿ ಹತ್ತೂವರೆಗೆ ಊಟ ಹಾಕಿ ಕಾಂಪೌಂಡಲ್ಲಿ ಬಿಟ್ಟು ಮಲಗ್ತಿದ್ವಿ, ಐದು ಗಂಟೆಗೆ ಅವನು ಎರಡಕ್ಕೆ ಹೋಗ್ತಿದ್ದ, ನಾವು ಏಳೋ ಹೊತ್ತಿಗೆ ಅಂಗಳ ಗುಡಿಸಿ ಸಾರಿಸಿದ ಹಾಗಿರ್ತಿತ್ತು. ನಮ್ಮತ್ತೆ ಪಾಪ ನಾಯಿಗೆ ಮಲಬದ್ಧತೆ ಅಂತ ಬಾಳೆಹಣ್ಣು ಬೇರೆ ತಿನ್ನಿಸ್ತಿದ್ರು.

ಹಂತ 3: ಊಟ ಸರಿ ಮಾಡಿ

ನಮ್ಮ ಕಡೆ ನಾಯಿ ಊಟ ಅಂದ್ರೆ ಮುದ್ದೆ ಸಾರು, ಇಲ್ಲ ಹಾಲನ್ನ. ಮುದ್ದೆ ತಪ್ಪಲ್ಲ, ಹೊಟ್ಟೆ ತುಂಬುತ್ತೆ, ಆದ್ರೆ ಅದೊಂದೇ ಆದ್ರೆ ಪ್ರೋಟೀನ್ ಸಾಲಲ್ಲ. ದಿನದ ಊಟದಲ್ಲಿ ಮೊಟ್ಟೆ, ಚಿಕನ್ನು, ಇಂಥದ್ದೇನಾದ್ರೂ ಇರಲೇಬೇಕು, ಇಲ್ಲ ಒಳ್ಳೇ ಡಾಗ್ ಫುಡ್ ಇರಬೇಕು. ಮನೆ ಸಾರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತಲ್ಲ, ಅದು ನಾಯಿಗೆ ವಿಷ, ರಕ್ತದ ಕೆಂಪು ಕಣಗಳನ್ನ ಹಾಳು ಮಾಡುತ್ತೆ. ಹಾಲು ಸುಮಾರು ನಾಯಿಗಳಿಗೆ ದಕ್ಕಲ್ಲ, ಭೇದಿ ಆಗುತ್ತೆ, ಆ ತೆಳು ಕಕ್ಕ ಎತ್ತೋಕೂ ಬರಲ್ಲ.

ಜಾಸ್ತಿ ಹಾಕೋದೂ ತಪ್ಪೇ. ಒಂದೇ ಹೊತ್ತಿಗೆ ಬಕೆಟ್ ಊಟ ಹಾಕಿದ್ರೆ ಜೀರ್ಣ ಆಗ್ದೇ ಹೊರಗೆ ಬರುತ್ತೆ. ಅದೇ ಊಟಾನ ಎರಡು ಭಾಗ ಮಾಡಿ ಬೆಳಿಗ್ಗೆ ಸಂಜೆ ಕೊಡಿ, ನಾಲ್ಕು ತಿಂಗಳ ಒಳಗಿನ ಮರಿಗೆ ಮೂರು ನಾಲ್ಕು ಭಾಗ. ಗಬಗಬ ಅಂತ ನುಂಗೋ ನಾಯಿ ಆದ್ರೆ ಅಗಲ ತಟ್ಟೇಲಿ ಹರಡಿ ಕೊಡಿ.

ಊಟ ಬದಲಾಯಿಸೋದು ಒಂದೇ ದಿನಕ್ಕಲ್ಲ. ಮೊದಲೆರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ವಾರಕ್ಕೆ ಪೂರ್ತಿ.

ಹಂತ 4: ಹೊತ್ತು ಕಟ್ಟಿ

ಊಟ ಆದ ಮೇಲೆ ಕರುಳು ಅಲ್ಲಾಡೋದು ಸಹಜ, ಮರಿಗಳು ಐದು ನಿಮಿಷದಿಂದ ಅರ್ಧ ಗಂಟೆ ಒಳಗೆ ಹೋಗಿಬಿಡ್ತವೆ. ದೊಡ್ಡ ನಾಯಿಗೆ ನಿಮ್ಮ ನೋಟ್‌ಬುಕ್ಕೇ ಹೇಳುತ್ತೆ. ಊಟದ ಹೊತ್ತು ದಿನಾ ಒಂದೇ ಇದ್ರೆ ಕಕ್ಕದ ಹೊತ್ತೂ ಒಂದೇ ಆಗುತ್ತೆ, ಆ ಹೊತ್ತಿಗೆ ನೀವು ಪಕ್ಕದಲ್ಲಿರಬೇಕು. ದಿನವಿಡೀ ತಟ್ಟೇಲಿ ಊಟ ಬಿಟ್ಟಿರೋ ಮನೇಲಿ ಈ ಹಂತ ಆಗೋದೇ ಇಲ್ಲ, ತಟ್ಟೆ ಎತ್ತಿಡಿ.

ಸಂಜೆ ಊಟ ಏಳರೊಳಗೆ. ಹತ್ತು ಗಂಟೆಗೆ ಒಂದ್ಸಲ ಹೊರಗೆ. ಬೆಳಿಗ್ಗೆ ನಾಯಿಗಿಂತ ಹದಿನೈದು ನಿಮಿಷ ಮುಂಚೆ ನೀವು ಎದ್ದಿರಬೇಕು, ಇದಕ್ಕೆ ಮಾತ್ರ ಬೇರೆ ದಾರಿ ಇಲ್ಲ. ಈ ಅಭ್ಯಾಸ ಬಿಡಿಸೋಕೆ ಹಿಡಿಯೋ ಸುಮಾರು ಎರಡು ತಿಂಗಳು ರಾತ್ರಿ ಕಾಂಪೌಂಡಲ್ಲೋ ತಾರಸಿ ಮೇಲೋ ಬಿಟ್ಟು ಮಲಗೋದು ಬೇಡ, ಮನೆ ಒಳಗೆ ನಿಮಗೆ ಸದ್ದು ಕೇಳೋ ಕಡೆ ಮಲಗಿಸಿ.

ಗೇಟ್ ಪಕ್ಕದ ಕಬ್ಬಿಣದ ಗೂಡಲ್ಲಿ ಇಡೀ ದಿನ ಕೂಡಿ ಹಾಕಿರೋರಿಗೆ ಒಂದು ಮಾತು. ಮಲಗೋ ಜಾಗದಲ್ಲೇ ಕಕ್ಕ ಮಾಡಬೇಕಾಗಿ ಬಂದ ನಾಯಿಗೆ ಅದನ್ನ ಕ್ಲೀನ್ ಮಾಡ್ಕೊಳೋಕೆ ಇರೋದು ಬಾಯೊಂದೇ. ಬೇಜಾರಿಗೂ ತಿನ್ನುತ್ತೆ. ಗೂಡಿನ ಹೊತ್ತು ಕಮ್ಮಿ ಮಾಡ್ದೇ ಈ ಗೈಡಲ್ಲಿ ಇನ್ನೇನು ಮಾಡಿದ್ರೂ ದಂಡ.

ಹಂತ 5: ತಿರುಗೋಕೆ ಮುಂಚೆ ಕರೀರಿ (ಇದೇ ಜೀವಾಳ)

ಕಕ್ಕಕ್ಕೆ ಹೋಗೋವಾಗೆಲ್ಲ ಚೈನು ಹಾಕಿರಬೇಕು. ಸ್ವಂತ ಕಾಂಪೌಂಡ್ ಒಳಗೂ, ಮಳೆ ಬರ್ತಿದ್ರೂ, ಆಫೀಸಿಗೆ ಲೇಟಾಗ್ತಿದ್ರೂ.

ನಾಯಿ ಕೂತಾಗ ಸುಮ್ನೆ ನಿಂತಿರಿ, ಮಾತಾಡಬೇಡಿ, ಫೋನು ನೋಡಬೇಡಿ. ಮುಗಿಸಿ ಹಿಂಗಾಲು ಎತ್ತುತ್ತಲ್ಲ, ಮೂಗು ಇನ್ನೂ ಹಿಂದಕ್ಕೆ ತಿರುಗಿರಲ್ಲ, ಆ ಒಂದು ಸೆಕೆಂಡೇ ನಿಮ್ಮದು. ಖುಷಿ ದನೀಲಿ "ಬಾ!" ಅಂತ ಕರೆದು ಕಕ್ಕದ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿ, ಅದು ಜೊತೇಲಿ ಬಂದ ತಕ್ಷಣ ಚಿಕನ್ ತುಂಡು ಬಾಯಿಗೆ. ಒಂದಲ್ಲ, ಒಂದಾದ ಮೇಲೊಂದು ಮೂರು ನಾಲ್ಕು. ಕೂರಿಸಿ ಇನ್ನೊಂದು. ಆಮೇಲೆ ನಾಯಿನ ನಿಮ್ಮ ಹಿಂದಕ್ಕೆ ಇಟ್ಕೊಂಡು ಕಕ್ಕ ಎತ್ತಿ.

ಮೊದಲ ವಾರ ಇಬ್ರಿದ್ರೆ ಸುಲಭ, ಒಬ್ರು ಚೈನು ಹಿಡಿದು ಕರೀಲಿ, ಇನ್ನೊಬ್ರು ಎತ್ಲಿ. ಯಾರು ಎತ್ತೋದು ಅನ್ನೋದನ್ನ ಮೊದಲೇ ಮಾತಾಡ್ಕೊಳಿ. ಇಲ್ಲಾಂದ್ರೆ ನಾಯಿಗೆ ಹೇಳಿದ್ರೆ ನಾಯಿ ತನ್ನ ಬಾಲಕ್ಕೆ ಹೇಳ್ತಂತೆ ಅನ್ನೋ ಹಾಗೆ, ಅಪ್ಪ ಮಗನಿಗೆ ಹೇಳಿ ಮಗ ತಂಗಿಗೆ ಹೇಳಿ ತಂಗಿ ಬರೋಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತೆ.

ಎಲ್ಲರೂ ಮಾಡೋ ದೊಡ್ಡ ತಪ್ಪು ಇಲ್ಲೇ ಇರೋದು: ಕಿರುಚ್ಕೊಂಡು ಕಕ್ಕದ ಕಡೆ ಓಡೋದು. ನೀವು ಓಡಿ ಬರ್ತಿದ್ದೀರ ಅಂದ್ರೆ ನಾಯಿಗೆ ಅನ್ಸೋದು ಒಂದೇ, ಇವ್ರಿಗೂ ಇದು ಬೇಕು, ಇವ್ರು ಬರೋಕೆ ಮುಂಚೆ ನುಂಗ್ಬೇಕು. ಎರಡು ದಿನದಲ್ಲಿ ಅದರ ಸ್ಪೀಡು ಜಾಸ್ತಿ ಆಗಿರುತ್ತೆ ನೋಡ್ಕೊಳಿ. ತಿಂದೇಬಿಟ್ರೆ ಬಿಟ್ಟುಬಿಡಿ, ಬಾಯಿಗೆ ಕೈ ಹಾಕಬೇಡಿ, ಕಚ್ಚುತ್ತೆ. ನೋಟ್‌ಬುಕ್ಕಲ್ಲಿ ಬರೆದು ಯಾಕೆ ತಪ್ಪಿತು ನೋಡಿ.

ಕಕ್ಕ ಎತ್ತಿದ್ದನ್ನ ಮೋರಿಗೆ ಎಸೀಬೇಡಿ. ಕವರ್ ಇಲ್ದೆ ಟಾಯ್ಲೆಟ್‌ಗೆ ಹಾಕಿ ನೀರು ಬಿಡಬಹುದು, ಜಾಗ ಇರೋರು ಮೂಲೇಲಿ ಗುಂಡಿ ತೆಗೆದು ಮಣ್ಣು ಮುಚ್ಚಬಹುದು, ಆದ್ರೆ ಸೊಪ್ಪು ತರಕಾರಿ ಮಡಿ ಹತ್ರ ಬೇಡ. ಕೈ ಸೋಪಲ್ಲಿ ತೊಳೀರಿ.

ಹಂತ 6: "ಬಿಡು" ಕಲಿಸಿ

ಇದನ್ನ ಮನೆ ಒಳಗೆ, ಕಕ್ಕಕ್ಕೆ ಸಂಬಂಧವೇ ಇಲ್ಲದ ಹೊತ್ತಲ್ಲಿ ಕಲಿಸ್ಬೇಕು. ಐದನೇ ಹಂತ ಶುರುವಾಗಿ ಒಂದು ವಾರ ಆದ ಮೇಲೆ ಸಾಕು.

ಮುಷ್ಟೀಲಿ ಬಿಸ್ಕತ್ತು ಚೂರು ಮುಚ್ಚಿ ಹಿಡೀರಿ. ನಾಯಿ ಮೂಸುತ್ತೆ, ನೆಕ್ಕುತ್ತೆ, ಕೆರೆಯುತ್ತೆ, ಸುಮ್ನಿರಿ. ಮೂಗು ಹಿಂದಕ್ಕೆ ತಗೊಂಡ ಕ್ಷಣ ಇನ್ನೊಂದು ಕೈಯಿಂದ ಚಿಕನ್ ಕೊಡಿ. ಮುಷ್ಟೀಲಿರೋದನ್ನ ಯಾವತ್ತೂ ಕೊಡಬೇಡಿ, ಬಿಟ್ರೆ ಅದಕ್ಕಿಂತ ಒಳ್ಳೇದು ಸಿಗುತ್ತೆ ಅನ್ನೋದೇ ಪಾಠ. ತಾನಾಗೇ ಹಿಂದಕ್ಕೆ ಹೋಗೋದು ರೂಢಿ ಆದ ಮೇಲೆ "ಬಿಡು" ಅನ್ನೋ ಪದ ಸೇರಿಸಿ. ಆಮೇಲೆ ಅಂಗೈ ತೆರೆದು, ಆಮೇಲೆ ನೆಲದ ಮೇಲಿಟ್ಟು, ಆಮೇಲೆ ಚೈನಲ್ಲಿ ಅದರ ಪಕ್ಕ ನಡೆಸ್ಕೊಂಡು. ದಿನಕ್ಕೆ ಐದು ಐದು ನಿಮಿಷ ಎರಡು ಸಲ. ಮನೆಯೋರೆಲ್ಲ ಒಂದೇ ಪದ ಹೇಳ್ಬೇಕು, ಒಬ್ರು ಬಿಡು, ಒಬ್ರು ನೋ, ಅಜ್ಜಿ ಥೂ ಅಂದ್ರೆ ಆಗಲ್ಲ.

ನೆಲದ ಮೇಲಿನ ತಿಂಡೀನೇ ಬಿಡೋಕೆ ಕಲಿಯದ ನಾಯಿಗೆ ಕಕ್ಕದ ಮುಂದೆ "ಬಿಡು" ಅಂದ್ರೆ ಆ ಪದ ಸವೆದು ಹೋಗುತ್ತೆ ಅಷ್ಟೇ.

ಹಂತ 7: ಸ್ವಲ್ಪ ಸ್ವಲ್ಪವಾಗಿ ಸಡಿಲ ಬಿಡಿ

ನೀವು ಕರೆಯೋಕೆ ಮುಂಚೆನೇ ನಾಯಿ ಕಕ್ಕ ಮುಗಿಸಿ ನಿಮ್ಮ ಮುಖ ನೋಡೋಕೆ ಶುರು ಮಾಡುತ್ತಲ್ಲ, ಅದು ಗುರುತು. ಕೆಂಚನಿಗೆ ಐದನೇ ವಾರ ಬಂತು. ಆ ಗುರುತು ಎರಡು ವಾರ ಬಿಡದೇ ಇದ್ರೆ ಸಣ್ಣ ಚೈನು ಬಿಟ್ಟು ಐದು ಮೀಟರ್ ಹಗ್ಗ ಹಾಕಿ. ಹಗ್ಗದ ತುದಿ ನಿಮ್ಮ ಕಾಲ ಕೆಳಗಿರಲಿ. ಅದರಲ್ಲೂ ಎರಡು ವಾರ ತಪ್ಪದೇ ಇದ್ರೆ ಹಗ್ಗ ಇಲ್ದೆ ಬಿಟ್ಟು ನೋಡಿ, ನೀವು ಮಾತ್ರ ಅಲ್ಲೇ ಇರಬೇಕು.

ಒಂದ್ಸಲ ತಪ್ಪಿದ್ರೆ ಒಂದು ಹಂತ ಹಿಂದಕ್ಕೆ. ಒಂದನೇ ಹಂತಕ್ಕೇನೂ ಹೋಗ್ಬೇಕಾಗಿಲ್ಲ.

ಏನು ಮಾಡಬಾರದು, ಯಾಕೆ

ಮೂತೀನ ಕಕ್ಕಕ್ಕೆ ಒರೆಸೋದು, ಹೊಡೆಯೋದು. ನಾಯಿ ಇದ್ರಿಂದ ಕಲಿಯೋದು ತಿನ್ನಬಾರದು ಅಂತಲ್ಲ, ಕಕ್ಕ ಕಂಡ್ರೆ ಏಟು ಬೀಳುತ್ತೆ ಅಂತ. ಹಾಗಾಗಿ ನಿಮ್ಮ ಕಣ್ಣಿಗೆ ಬೀಳೋಕೆ ಮುಂಚೆ ಮಾಯ ಮಾಡುತ್ತೆ, ಸೋಫಾ ಹಿಂದೆ ಹೋಗಿ ಮಾಡುತ್ತೆ.

ಖಾರದಪುಡಿ, ಫಿನಾಯಿಲ್ ಸುರಿಯೋದು. ಖಾರ ಹಾಕಿದ್ದನ್ನ ಬಿಟ್ಟು ಹಾಕದೇ ಇರೋದನ್ನ ಹುಡುಕೋದು ನಾಯಿ ಮೂಗಿಗೆ ಎಷ್ಟೊತ್ತಿನ ಕೆಲಸ. ಫಿನಾಯಿಲ್ ಅಂತೂ ವಿಷ, ಒದ್ದೆ ನೆಲದ ಮೇಲೂ ನಾಯಿನ ಬಿಡಬೇಡಿ.

ಕಕ್ಕದ ರುಚಿ ಕೆಡಿಸುತ್ತೆ ಅಂತ ಊಟಕ್ಕೆ ಬೆರೆಸೋ ಪುಡಿ, ಮಾತ್ರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯ ತಜ್ಞರು 2018ರಲ್ಲಿ ನಾಯಿ ಮಾಲೀಕರ ಸರ್ವೆ ಒಂದನ್ನ ಪ್ರಕಟಿಸಿದ್ರು. ಅದ್ರಲ್ಲಿ ಮಾರ್ಕೆಟ್‌ನಲ್ಲಿರೋ 11 ಇಂಥ ಪ್ರಾಡಕ್ಟ್‌ಗಳ ಬಗ್ಗೆ ಕೇಳಿದಾಗ, ಕೆಲಸ ಮಾಡಿದ್ದು ನೂರಕ್ಕೆ 0ಯಿಂದ 2 ನಾಯಿಗಳಿಗೆ ಮಾತ್ರ ಅಂತ ಬಂತು. ಅದೇ ಸರ್ವೇಲಿ ನೂರಕ್ಕೆ 16 ನಾಯಿಗಳು ಪದೇ ಪದೇ ತಿನ್ನೋವು, ಅಂದ್ರೆ ಆರಕ್ಕೊಂದು, ನಿಮ್ಮ ನಾಯಿ ಒಂದೇ ಏನಲ್ಲ. ಇನ್ನೊಂದು ಉಪಯೋಗದ ವಿಷಯಾನೂ ಅದ್ರಲ್ಲಿತ್ತು, ತಿನ್ನೋ ಕಕ್ಕ ಹೆಚ್ಚಾಗಿ ಎರಡು ದಿನದ ಒಳಗಿನ ತಾಜಾದು. ಭಾನುವಾರಕ್ಕೊಂದ್ಸಲ ಅಂಗಳ ಕ್ಲೀನ್ ಮಾಡ್ತೀವಿ ಅನ್ನೋರು ಇದನ್ನ ಗಮನಿಸಿ. ಅನಾನಸ್, ಸಿಹಿಕುಂಬಳಕ್ಕೆ ಆಸೆ ಇದ್ರೆ ಒಂದೆರಡು ತುಂಡು ಹಾಕಿ ನೋಡಿ, ನಷ್ಟ ಇಲ್ಲ, ಆದ್ರೆ ಅದನ್ನ ನಂಬ್ಕೊಂಡು ಚೈನು ಬಿಚ್ಚಬೇಡಿ.

ಬಾಯಿ ಬುಟ್ಟಿ ಹಾಕಿ ಮರೆತುಬಿಡೋದು. ಉಸಿರಾಡೋಕೆ, ನೀರು ಕುಡಿಯೋಕೆ ಆಗೋ ಜಾಲರಿ ಥರದ್ದನ್ನ ನೀವು ಜೊತೇಲಿದ್ದಾಗ ಹಾಕಬಹುದು. ಬಾಯಿ ಬಿಗಿಯೋ ಬಟ್ಟೇದು ಬೇಡವೇ ಬೇಡ, ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೊಳೋದು, ಏಪ್ರಿಲ್ ಬಿಸಿಲಲ್ಲಿ ಪ್ರಾಣಕ್ಕೇ ಕುತ್ತು.

ಇನ್ನು ಹಿರಿಯರು ಒಂದು ಗಾದೆ ಹೇಳಿ ಕೈತೊಳ್ಕೊಂಡು ಬಿಡ್ತಾರೆ, ನಾಯಿನ ಸಿಂಹಾಸನದ ಮೇಲೆ ಕೂರಿಸಿದ್ರೂ ಹೇಲು ಕಂಡ್ರೆ ಹಾರ್ತಂತೆ ಅಂತ. ಗಾದೆ ಸುಳ್ಳಲ್ಲ, ಆದ್ರೆ ಆ ಸಿಂಹಾಸನದ ಸುತ್ತ ಯಾರೂ ಎತ್ತಿ ಕ್ಲೀನ್ ಮಾಡಿರಲಿಲ್ಲ ಅಂತ ಕಾಣುತ್ತೆ.

ತೋಟದ ಮನೆ, ನಾಲೆ ಏರಿ, ಬೇರೆ ನಾಯಿ ಕಕ್ಕ

ತನ್ನ ತಾಜಾ ಕಕ್ಕ ತಿಂದ ಆರೋಗ್ಯದ ನಾಯಿಗೆ ಸಾಮಾನ್ಯವಾಗಿ ದೊಡ್ಡ ಅಪಾಯ ಇಲ್ಲ. ಬೇರೆ ನಾಯಿಗಳದ್ದು ಹಾಗಲ್ಲ, ಮರಿಗಳಿಗೆ ವಾಂತಿ, ರಕ್ತಭೇದಿ ತರೋ ಪಾರ್ವೋ ವೈರಸ್ಸು ಹರಡೋದೇ ಅಲ್ಲಿಂದ. ಲಸಿಕೆ ಪೂರ್ತಿ ಆಗದ ಮರೀನ ಬೀದಿ ನಾಯಿ ಓಡಾಡೋ ಖಾಲಿ ಸೈಟಿಗೆ ಬಿಡಬೇಡಿ. ತಿಂದ ನಾಯಿ ಮಕ್ಕಳ ಮುಖ ನೆಕ್ಕೋಕೂ ಬಿಡಬೇಡಿ, ಜಂತುಹುಳದ ಮೊಟ್ಟೆ ಮನುಷ್ಯರ ಹೊಟ್ಟೆಗೂ ಸೇರಬಹುದು.

ಮಂಡ್ಯ ಕಡೆ ಕೊಟ್ಟಿಗೆ ಇರೋ ಮನೇಲಿ ಸಗಣಿ ತಿನ್ನೋದು ಮಾಮೂಲು. ಅದಕ್ಕೂ ಹಂತ 5, 6 ಇವೇ. ದನಕ್ಕೆ ಹುಳುವಿನ ಇಂಜೆಕ್ಷನ್ ಹಾಕಿಸಿದಾಗ ಮಾತ್ರ ಕೆಲವು ವಾರ ಸಗಣಿ ಹತ್ರ ನಾಯಿನ ಸೇರಿಸಬೇಡಿ, ಆ ಇಂಜೆಕ್ಷನ್‌ನಲ್ಲಿರೋ ಐವರ್‌ಮೆಕ್ಟಿನ್ ಅನ್ನೋ ಔಷಧಿ ಅಂಶ ಸಗಣೀಲಿ ಹೊರಗೆ ಬರುತ್ತೆ, ಕೋಲಿ ಥರದ ಜಾತಿ ನಾಯಿಗೆ ಅದು ಮಿದುಳಿಗೇ ಹತ್ತುತ್ತೆ. ತಿಂದ ಮೇಲೆ ತೂರಾಡಿದ್ರೆ, ಜೊಲ್ಲು ಸುರಿದ್ರೆ, ಕಣ್ಣು ಕಾಣದ ಹಾಗೆ ಗೋಡೆಗೆ ಹಾಯ್ದ್ರೆ ಬೆಳಿಗ್ಗೆ ತನಕ ಕಾಯದೆ ಡಾಕ್ಟ್ರಿಗೆ ಫೋನ್ ಮಾಡಿ, ದನಕ್ಕೆ ಕೊಟ್ಟ ಔಷಧಿ ಬಾಟ್ಲಿ ಇದ್ರೆ ಕೈಯಲ್ಲಿ ಹಿಡ್ಕೊಂಡೇ ಹೋಗಿ.